ಅತ್ತೆಯವರ ಪತ್ರೊಡೆ, ಬಾ ಅವರ ಪಾತ್ರಾ

ಗುಜರಾತಿನಲ್ಲಿ ಬಿಡಾರ ಹೂಡಿದ ಕನ್ನಡಿಗರಲ್ಲಿ, ಇಲ್ಲಿಯ ತಿಂಡಿತೀರ್ಥದ ಮಟ್ಟಿಗೆ, ಎರಡು ಪಂಗಡಗಳಿವೆ. ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ ಎಂದು ಮೂಗು ಮುರಿಯುತ್ತಲೇ ನಲವತ್ತು ವರ್ಷ ಕಳೆದವರದು ಒಂದು. ಬಂದ ಆರೇ ತಿಂಗಳಿಗೆ ಢೋಕಳಾ, ಖಾಂಡವಿ, ಹಾಂಡವೋ ಎಂದು ಶುರುಮಾಡಿ ಉಪ್ಪಿಟ್ಟನ್ನೇ ಮರೆತವರದು ಇನ್ನೊಂದು. ಈ ಎರಡೂ ಪಂಗಡಗಳು ಒಂದೇ ತಟ್ಟೆಗೆ ಕೈಹಾಕುವ ಪದಾರ್ಥವೊಂದಿದೆ. ಕೆಸುವಿನ ಎಲೆಗೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಪೇರಿಸಿ, ಚಾಪೆಯಂತೆ ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ್ದು. ನಮ್ಮ ಕರಾವಳಿಯವರು ಅದನ್ನು ಪತ್ರೊಡೆ ಎನ್ನುತ್ತಾರೆ. ಅಹಮದಾಬಾದಿನವರು ಪಾತ್ರಾ ಎನ್ನುತ್ತಾರೆ, ಸೂರತ್ ಕಡೆಯವರು ಪತರವೇಲಿಯಾ ಎನ್ನುತ್ತಾರೆ, ಪಾರ್ಸಿಗಳು ಪತ್ರೇಲ್, ಮರಾಠಿಗರು ಅಳೂವಡಿ. ಎಲ್ಲರೂ ತಮ್ಮದೇ ಮೂಲ ಎನ್ನುತ್ತಾರೆ. ಒಳಗೆ ಸವರಿದ ಹಿಟ್ಟು ಯಾವುದು ಎಂದು ಕೇಳಿದಿರೋ, ಅಲ್ಲಿಂದ ಜಗಳ.

ನಮ್ಮ ಸಂಚಿಕೆಯ ಸಂಪಾದಕರು, "ರಾತ್ರಿಯ ಊಟಕ್ಕೆ ಮನೆಯಲ್ಲೇ ಮಾಡುವಂಥದು ಏನಾದರೂ ಬರೆಯಿರಿ, ಬರೇ ಪಾಕವಿಧಾನ ಬೇಡ" ಎಂದರು. ಬರೇ ಪಾಕವಿಧಾನ ಬರೆಯಲು ನನಗೂ ಬರುವುದಿಲ್ಲ. ಈ ಸುರುಳಿಯ ಜೊತೆಗೆ ಇಬ್ಬರು ಮುದುಕಿಯರು ಸುತ್ತಿಕೊಂಡಿದ್ದಾರೆ. ಅವರನ್ನು ಬಿಟ್ಟು ಪತ್ರೊಡೆಯ ಮಾತು ನನ್ನ ಬಾಯಲ್ಲಿ ಹೊರಡುವುದಿಲ್ಲ.

ನಾನು ತುಮಕೂರಿನ ಕಡೆಯವಳು. ನಮ್ಮ ತವರಿನಲ್ಲಿ ಕೆಸವಿನ ಗೆಡ್ಡೆ ಗೊತ್ತು, ಎಲೆಯನ್ನು ಅಡಿಗೆಮನೆಗೆ ತರುವ ಪದ್ಧತಿ ಇರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಬೆಳೆದಿರುತ್ತಿತ್ತು. ಅದರ ಮೇಲೆ ನೀರಿನ ಹನಿ ಮುತ್ತಿನಂತೆ ಉರುಳುವುದನ್ನು ನೋಡುವುದಷ್ಟೇ ಅದರ ಉಪಯೋಗ. 1981ರಲ್ಲಿ ಕುಂದಾಪುರ ತಾಲೂಕಿನ ಮನೆಗೆ ಸೊಸೆಯಾಗಿ ಹೋದೆ. ಆಷಾಢ ತವರಿನಲ್ಲಿ ಮುಗಿಸಿ ಶ್ರಾವಣಕ್ಕೆ ಹಿಂತಿರುಗಿದಾಗ, ಧೋ ಎಂದು ಹೊಯ್ಯುವ ಮಳೆಯಲ್ಲಿ ಮಾವನವರು ತಲೆಗೆ ಗೊರಬು ಹಾಕಿಕೊಂಡು ಹಲಸಿನ ಮರದ ಬೊಡ್ಡೆಯಿಂದ ಏನೋ ಎಲೆ ಕೊಯ್ದು ತರುತ್ತಿದ್ದರು. ಅದು ಮರಕೆಸು. ನೆಲಕ್ಕೆ ತಾಗದೆ ಮರದ ಮೇಲೇ ಹುಟ್ಟಿ, ಮಳೆಗಾಲ ಮುಗಿದೊಡನೆ ಮಾಯವಾಗುವ ಕೆಸು. ಪತ್ರೊಡೆಗೆ ಅದೇ ಶ್ರೇಷ್ಠ ಎಂಬುದು ಆ ಊರಿನ ಮಾತು.

ಅತ್ತೆಯವರ ಕ್ರಮ ಹೀಗೆ. 2 ಪಾವು ಬೆಳ್ತಿಗೆ ಅಕ್ಕಿಯನ್ನು 3 ಗಂಟೆ ನೆನೆಹಾಕಬೇಕು. 1 ತೆಂಗಿನಕಾಯಿಯ ತುರಿ, ಹುರಿದ ಬ್ಯಾಡಗಿ ಮೆಣಸು 15, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಇಂಗು, ಅರಸಿನ, ದೊಡ್ಡ ನಿಂಬೆಹಣ್ಣಿನ ಗಾತ್ರದ ಹಳೆಯ ಹುಣಿಸೆಹಣ್ಣು, ಅದರ ಎರಡರಷ್ಟು ಬೆಲ್ಲ, ಉಪ್ಪು. ಮಸಾಲೆ ಮೊದಲು ನುಣ್ಣಗಾಗಬೇಕು, ಅಕ್ಕಿ ಆಮೇಲೆ ಬಿದ್ದು ತರಿತರಿಯಾಗಿ ಉಳಿಯಬೇಕು. ನೀರು ಕೈ ಒದ್ದೆಯಾಗುವಷ್ಟೇ. ಎಲೆಯ ಬೆನ್ನು ಮೇಲಾಗಿ ಹಲಗೆಯ ಮೇಲೆ ಹಾಸಿ, ದಪ್ಪನೆಯ ನರವನ್ನು ಚೂರಿಯಿಂದ ಹೆರೆದು ತೆಗೆಯುವುದು. ದೊಡ್ಡ ಎಲೆ ಅಡಿಗೆ. ಅದಕ್ಕೆ ಹಿಟ್ಟು ಸವರಿ, ಎರಡನೆಯ ಎಲೆಯ ತುದಿಯನ್ನು ಎದುರು ದಿಕ್ಕಿಗೆ ಮಾಡಿ ಇಡುವುದು; ಮತ್ತೆ ಹಿಟ್ಟು, ಮತ್ತೆ ಎಲೆ. ಹೀಗೆ ಐದೋ ಆರೋ ಆದ ಮೇಲೆ ಎರಡೂ ಬದಿ ಒಳಕ್ಕೆ ಮಡಿಸಿ, ಬಿಗಿಯಾಗಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟುವುದು. ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಬೆ, ಬಲಿತ ಎಲೆಯಾದರೆ ಒಂದು ಗಂಟೆ. ಬಿಸಿಯಲ್ಲಿ ಕತ್ತರಿಸಿದರೆ ಒಡೆಯುತ್ತದೆ. ಆರಿಸಿ, ಬೆರಳು ದಪ್ಪ ಬಿಲ್ಲೆ ಮಾಡಿ, ಮೇಲೆ ಹಸಿ ತೆಂಗಿನೆಣ್ಣೆ. ಮರುದಿನ ಉಳಿದದ್ದನ್ನು ಪುಡಿಮಾಡಿ ಬೆಲ್ಲ, ಕಾಯಿತುರಿ ಹಾಕಿ ಒಗ್ಗರಿಸುವುದು ಮಕ್ಕಳ ಪಾಲಿಗೆ.

ಹುಣಿಸೆಯ ವಿಷಯದಲ್ಲಿ ಮಾತ್ರ ಅತ್ತೆಯವರು ಕಟ್ಟುನಿಟ್ಟು. ಕೆಸುವಿನಲ್ಲಿ ಸೂಜಿಯ ಮೊನೆಯಂಥ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂದು ನನ್ನ ಮಗ ಶಾಲೆಯಲ್ಲಿ ಓದಿಬಂದು ಹೇಳಿದ. ಅವು ಗಂಟಲಿಗೆ ಚುಚ್ಚಿದರೆ ತುರಿಕೆ. ಹುಳಿಯೂ ಚೆನ್ನಾದ ಹಬೆಯೂ ಸೇರಿದರೆ ಆ ಕಾಟವಿಲ್ಲ. (ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಈ ಎಲೆಯನ್ನು ಮಿತಿಯಲ್ಲಿ ತಿನ್ನಬೇಕು, ನಮ್ಮವರಿಗೆ ಡಾಕ್ಟರು ಹೇಳಿದ ಮೇಲೆ ಅವರ ಪಾಲು ಎರಡು ಬಿಲ್ಲೆಗೆ ಇಳಿದಿದೆ.)

ನಮ್ಮವರು ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲೊಂದರ ನೌಕರರು. 1982ರಲ್ಲಿ ಅಹಮದಾಬಾದಿಗೆ ವರ್ಗವಾಗಿ, ಮಣಿನಗರದಲ್ಲಿ ಎರಡು ಕೋಣೆಯ ಸಂಸಾರ ಶುರುವಾಯಿತು. ಒಂದು ಸಂಜೆ ಅವರು ಆಫೀಸಿನಿಂದ ಬರುವಾಗ ಫರಸಾಣ್ ಅಂಗಡಿಯಲ್ಲಿ ಪತ್ರೊಡೆ ಕಂಡಿತೆಂದು ಕಾಲು ಕಿಲೋ ಕಟ್ಟಿಸಿಕೊಂಡು ಓಡಿಬಂದರು. ಒಂದು ಚೂರು ಬಾಯಿಗಿಟ್ಟು, "ಕಡ್ಲೆಹಿಟ್ಟು!" ಎಂದು ನನ್ನ ಮುಖ ನೋಡಿದರು. ಎಳ್ಳು ಸಾಸಿವೆಯ ಒಗ್ಗರಣೆ, ಮೇಲೆ ಕೊತ್ತಂಬರಿ ಸೊಪ್ಪು, ಸಿಹಿ ಹುಳಿ ಖಾರ ಎಲ್ಲ ಇತ್ತು, ಅಕ್ಕಿ ಮಾತ್ರ ಇರಲಿಲ್ಲ. ಪತ್ರೊಡೆ ಬಲ್ಲವರ ನಾಲಿಗೆಗೆ ಅದು ಮೋಸವೆನಿಸಿತು. ತುಮಕೂರಿನವಳಾದ ನನಗೆ ಅಂಥ ನಿಷ್ಠೆಯೇನೂ ಇರಲಿಲ್ಲವಾಗಿ, ಉಳಿದದ್ದೆಲ್ಲ ನಾನೇ ತಿಂದೆ.

1987ರಲ್ಲಿ ಬರೋಡೆಗೆ ವರ್ಗ. ಹೆಸರು ಅಷ್ಟರಲ್ಲಿ ವಡೋದರಾ ಆಗಿತ್ತು, ಆದರೆ ನಮ್ಮವರ ಬಾಯಲ್ಲಿ ಇಂದಿಗೂ ಬರೋಡೆಯೇ. ರಾವಪುರದ ಒಂದು ಹಳೆಯ ಮನೆಯ ಮಾಳಿಗೆಯಲ್ಲಿ ನಾವು, ಕೆಳಗೆ ಮನೆಯ ಮಾಲೀಕರು. ಮಾರನೆಯ ವರ್ಷ, 1988ರ ಚಳಿಗಾಲದಲ್ಲಿ ಮಾವನವರು ತೀರಿಕೊಂಡರು. ಊರಿನ ಮನೆ ಪಾಲಾಯಿತು. ಭಾವನವರು ಬೊಂಬಾಯಿಯ ಒಂದೇ ಕೋಣೆಯ ಚಾಳಿನಲ್ಲಿದ್ದವರು. ಅತ್ತೆಯವರು ನಮ್ಮ ಜೊತೆ ಬಂದರು. ಆಗ ಕೊಂಕಣ ರೈಲಿಲ್ಲ. ಕುಂದಾಪುರದಿಂದ ಬೊಂಬಾಯಿಗೆ ಬಸ್ಸು, ಅಲ್ಲಿಂದ ರಾತ್ರಿಯ ರೈಲು. ಇಳಿದಾಗ ಅವರ ಕೈಯಲ್ಲಿ ಇದ್ದದ್ದು ಒಂದು ಟ್ರಂಕು, ಒಂದು ದೇವರ ಪೆಟ್ಟಿಗೆ, ಮತ್ತು ಗೋಣಿಚೀಲದಲ್ಲಿ ಆರು ತೆಂಗಿನಕಾಯಿ.

ಬಂದವರು ಊಟ ಬಿಟ್ಟರು. ಹಟ ಮಾಡಿ ಬಿಟ್ಟದ್ದಲ್ಲ. ಎಲೆಯ ಮುಂದೆ ಕೂತು, ಎರಡು ತುತ್ತು ಕಲಸಿ, "ನಂಗೆ ಸಾಕ್" ಎಂದು ಏಳುವುದು. ಬರೋಡೆಯ ಬೇಸಗೆ, ನೀರಿನ ರುಚಿ ಬೇರೆ, ಅಕ್ಕಿ ಬೇರೆ, ಸುತ್ತಮುತ್ತ ಒಂದಕ್ಷರ ತಿಳಿಯದ ಮಾತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ರೋಗವೇನೂ ಇಲ್ಲ ಎಂದರು. ತೂಕ ಮಾತ್ರ 36 ಕಿಲೋಗೆ ಇಳಿದಿತ್ತು. ನಮ್ಮವರು ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಅಮ್ಮ ಏನಾದರೂ ತಿಂದಳಾ?" ಊರಿಗೆ ಬಿಟ್ಟುಬರೋಣವೆಂದರೆ ಊರಿನಲ್ಲಿ ಯಾರಿದ್ದಾರೆ? ಆ ಮಾತನ್ನು ನಾವಿಬ್ಬರೂ ರಾತ್ರಿ ಮಕ್ಕಳು ಮಲಗಿದ ಮೇಲೆ ಪಿಸುಮಾತಿನಲ್ಲಿ ಆಡಿ, ಕೊನೆಗಾಣದೆ ದೀಪ ಆರಿಸುತ್ತಿದ್ದೆವು.

ಕೆಳಗಿನ ಮನೆಯಲ್ಲಿಯೂ ಒಬ್ಬ ಮುದುಕಿ ಇದ್ದರು. ಮಾಲೀಕರ ತಾಯಿ. ಎಲ್ಲರೂ 'ಬಾ' ಎಂದೇ ಕರೆಯುತ್ತಿದ್ದದ್ದು, ನಾವೂ ಹಾಗೇ. ಬಾ ಅವರೂ ಗಂಡನನ್ನು ಕಳೆದುಕೊಂಡವರು, ಅತ್ತೆಯವರಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮೆಟ್ಟಿಲಲ್ಲಿ ಎದುರಾದರೆ "ಮಾಜಿ, ಖಾಧುಂ?" ಎನ್ನುತ್ತಿದ್ದರು. ಉಂಡಿರಾ ಎಂದು. ಅತ್ತೆಯವರು ತಲೆಯಾಡಿಸಿ ಒಳಗೆ ಬರುತ್ತಿದ್ದರು.

ಜುಲೈ ತಿಂಗಳಿರಬೇಕು, ಮಳೆ ಹಿಡಿದಿತ್ತು. ಅತ್ತೆಯವರು ಮಾಳಿಗೆಯ ಗ್ಯಾಲರಿಯಲ್ಲಿ ನಿಂತು ಹಿತ್ತಿಲನ್ನು ನೋಡುತ್ತಿದ್ದರು. ಬಾ ಅವರ ಬಚ್ಚಲ ನೀರು ಹರಿಯುವಲ್ಲಿ, ಕಪ್ಪು ದಂಟಿನ ಕೆಸು ಆನೆಯ ಕಿವಿಯಷ್ಟಗಲ ಎಲೆ ಬಿಟ್ಟು ನಿಂತಿತ್ತು. ಅತ್ತೆಯವರು ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದರು. ಮೂರು ತಿಂಗಳಲ್ಲಿ ತಾವಾಗಿ ಮೆಟ್ಟಿಲಿಳಿದದ್ದು ಅದೇ ಮೊದಲು. ನಾನು ಮೇಲಿಂದ ನೋಡುತ್ತ ನಿಂತೆ. ಅತ್ತೆಯವರು ಎಲೆಯನ್ನು ತೋರಿಸಿ, ಬೊಗಸೆಯಲ್ಲಿ ಸುರುಳಿ ಸುತ್ತುವ ಅಭಿನಯ ಮಾಡಿದರು. ಬಾ ಅವರ ಮುಖ ಅರಳಿತು. ಅವರೂ ಸುರುಳಿ ಸುತ್ತಿ ತೋರಿಸಿದರು! ಮಾತೇ ಬೇಕಾಗಲಿಲ್ಲ.

ಬಾ ಹನ್ನೆರಡು ಎಲೆ ಕೊಯ್ದರು. ಕೊಯ್ದು ಕೈಗೆ ಕೊಡಲಿಲ್ಲ, ಕಲ್ಲು ಮೆಟ್ಟಿಲಿನ ಮೇಲೆ ಇಟ್ಟು ಹಿಂದಕ್ಕೆ ಸರಿದರು. ಅತ್ತೆಯವರು ಬಗ್ಗಿ ಎತ್ತಿಕೊಂಡರು. ಬಾ ಪುಷ್ಟಿಮಾರ್ಗದ ವೈಷ್ಣವರು; ಮನೆಯಲ್ಲಿ ಠಾಕೋರಜಿಯ ಸೇವೆ. ನಮ್ಮಲ್ಲಿ ಮಡಿ ಎಂಬುದಕ್ಕೆ ಅವರಲ್ಲಿ ಅಪರಸ ಎಂದು ಹೆಸರು, ಕಟ್ಟಳೆಯಲ್ಲಿ ನಮ್ಮ ಮಡಿಗೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಬೇರೆಯವರು ಮುಟ್ಟಿದ ನೀರೂ ಬಾರದು. ಅತ್ತೆಯವರದೂ ಅದೇ ಜಾತಿಯ ಮಡಿ. ಒಬ್ಬರನ್ನೊಬ್ಬರು ಮುಟ್ಟದೆ ಇರುವುದರಲ್ಲೇ ಅವರಿಗೆ ಒಬ್ಬರ ಮೇಲೊಬ್ಬರಿಗೆ ಗೌರವ ಹುಟ್ಟಿತು ಎಂದು ನನ್ನ ಅನಿಸಿಕೆ. "ಇದು ಕ್ರಮ ಗೊತ್ತಿದ್ದ ಜನ" ಎಂದರು ಅತ್ತೆಯವರು ಮೇಲೆ ಬಂದು. ಆಮೇಲೆ, "ಅಕ್ಕಿ ನೆನೆಹಾಕು ಮಾರಾಯ್ತಿ" ಎಂದರು.

ಆ ದಿನ ಅಡಿಗೆಮನೆ ಅವರ ಕೈಯಲ್ಲಿತ್ತು. ಮಿಕ್ಸಿಯಲ್ಲಿ ಅಕ್ಕಿಯ ತರಿ ಸತ್ತುಹೋಯಿತೆಂದು ಗೊಣಗಿದರು, ಬಾಳೆನಾರಿಲ್ಲದೆ ಹೊಲಿಗೆಯ ದಾರ ಕಟ್ಟಬೇಕಾಯಿತಲ್ಲ ಎಂದು ಗೊಣಗಿದರು. ಊರಿನಿಂದ ತಂದ ಕೊನೆಯ ತೆಂಗಿನಕಾಯಿ ಒಡೆದರು. ರಾತ್ರಿ ನಮ್ಮವರ ಪಕ್ಕದಲ್ಲಿ ಕೂತು ನಾಲ್ಕು ಬಿಲ್ಲೆ ತಿಂದರು. ನಮ್ಮವರು ಎಣಿಸುತ್ತಿದ್ದರು ಎಂದು ನನಗೆ ಗೊತ್ತು, ಏಕೆಂದರೆ ನಾನೂ ಎಣಿಸುತ್ತಿದ್ದೆ.

ಇದರಿಂದ ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಯಿತೆಂದಲ್ಲ. ಆದರೆ ಹಿತ್ತಿಲಿಗೆ ಇಳಿಯುವುದು ಅಭ್ಯಾಸವಾಯಿತು. ಇಬ್ಬರೂ ಕಲ್ಲು ಮೆಟ್ಟಿಲಿನ ಎರಡು ತುದಿಗೆ ಕೂತು ಮಾತಾಡುವುದು, ಒಬ್ಬರು ಗುಜರಾತಿ, ಒಬ್ಬರು ಕುಂದಾಪುರದ ಕನ್ನಡ. ನಡುವೆ ದುಭಾಷಿ ನಾನು, ನಾನಿಲ್ಲದಾಗ ಐದು ವರ್ಷದ ನನ್ನ ಮಗಳು. ಒಮ್ಮೆ ಬಾ ತಮ್ಮ ಪಾತ್ರಾದ ಕ್ರಮ ಹೇಳುತ್ತ "ಆಂಬಲಿ" ಹಾಕಬೇಕೆಂದರು. ಅತ್ತೆಯವರು ನನ್ನ ಕಡೆ ತಿರುಗಿ, "ಅಲ್ಲ ಮಾರಾಯ್ತಿ, ಪತ್ರೊಡೆಗೆ ಅಂಬಲಿ ಹಾಕುದಾ?" ಎಂದು ಕಣ್ಣರಳಿಸಿದರು. ಗುಜರಾತಿಯಲ್ಲಿ ಆಂಬಲಿ ಎಂದರೆ ಹುಣಿಸೆ ಎಂದು ತಿಳಿದ ಮೇಲೆ ಮೂರು ದಿನ ನಕ್ಕರು. ಅವರು ನಕ್ಕದ್ದನ್ನು ಮಾವನವರು ಹೋದ ಮೇಲೆ ಮೊದಲು ಕೇಳಿದ್ದು ಆಗ.

ಜಗಳವಿದ್ದದ್ದು ಹಿಟ್ಟಿನಲ್ಲಿ. "ಚೋಖಾ? ಪಾತ್ರಾಮಾಂ ಚೋಖಾ?" ಎಂದು ಬಾ ಗಲ್ಲಕ್ಕೆ ಕೈಹಚ್ಚುವರು. "ಕಡ್ಲೆಹಿಟ್ಟ್ ಬಜ್ಜಿಗೆ ಸೈ, ಪತ್ರೊಡೆಗೆ ಅಕ್ಕಿಯೇ ಆಯ್ಕ್" ಎಂದು ಇವರು. ಬಾ ಅವರ ಕೈಯ ಪಾತ್ರಾ ನಿಜಕ್ಕೂ ಬಹಳ ರುಚಿ. ಕಡಲೆಹಿಟ್ಟಿಗೆ ಹುಣಿಸೆರಸ, ಬೆಲ್ಲ, ಶುಂಠಿ ಹಸಿಮೆಣಸು ಅರೆದದ್ದು, ಓಮ, ಎಳ್ಳು, ಅರಸಿನ, ಇಂಗು, ಕಾಯಿಸಿದ ಎಣ್ಣೆ ಒಂದು ಸೌಟು. ಅಕ್ಕಿಯಂತೆ ನೆನೆಸುವ ರುಬ್ಬುವ ಕಷ್ಟವಿಲ್ಲ, ಹಿಟ್ಟೇ ಅಂಟಾಗಿ ಎಲೆಯನ್ನು ಹಿಡಿದುಕೊಳ್ಳುತ್ತದೆ, ದಾರವೂ ಬೇಡ. ಢೋಕಳಾ ಬೇಯಿಸುವ ಪಾತ್ರೆಯಲ್ಲಿ ಅರ್ಧ ಗಂಟೆ. ಆಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ ಎಳ್ಳಿನ ಒಗ್ಗರಣೆ ಕೊಟ್ಟು ಬಿಲ್ಲೆಗಳನ್ನು ಹೊರಳಿಸುವುದು. ನಾವು ಪತ್ರೊಡೆಯ ಮೇಲೆ ತೆಂಗಿನೆಣ್ಣೆ ಹಾಕುವುದನ್ನು ಮಗಳು ಹೋಗಿ ಹೇಳಿದಳಂತೆ. "ಮಾಥಾನುಂ ತೇಲ!" ತಲೆಗೆ ಹಚ್ಚುವ ಎಣ್ಣೆ! ಬಾ ಅವರಿಗೆ ಅದನ್ನು ನಂಬಿಸಲು ನಮ್ಮಿಂದಾಗಲಿಲ್ಲ.

ಇಷ್ಟೆಲ್ಲ ಆದರೂ, ಓದುಗರೇ, ಇಬ್ಬರೂ ಒಬ್ಬರ ಅಡಿಗೆಯನ್ನು ಇನ್ನೊಬ್ಬರು ಬಾಯಿಗಿಟ್ಟವರಲ್ಲ. ಅಪರಸ ಅಡ್ಡ ಬರುತ್ತಿತ್ತು, ಮಡಿ ಅಡ್ಡ ಬರುತ್ತಿತ್ತು. ಎಲೆ ಹೋಗಬಹುದು, ಹುಣಿಸೆ ಬರಬಹುದು, ಬೆಲ್ಲ, ಅಕ್ಕಿ, ಎಳ್ಳು, ಎಲ್ಲವೂ ಹಸಿಯಾಗಿ ಮೆಟ್ಟಿಲ ಮೇಲೆ ಇಟ್ಟು ಎತ್ತಿಕೊಳ್ಳಬಹುದು. ಬೆಂದದ್ದು ಮಾತ್ರ ಆ ಮೆಟ್ಟಿಲು ದಾಟದು. ಎರಡೂ ಕಡೆಯದನ್ನು ತಿನ್ನುವ ಅಧಿಕಾರವಿದ್ದದ್ದು ನನ್ನ ಮಕ್ಕಳಿಗೂ ಅವರ ಮೊಮ್ಮಕ್ಕಳಿಗೂ. ಕೆಳಗೆ ತಿಂದು ಮೇಲೆ ಬಂದರೆ ಅಜ್ಜಿ, "ಹೇಗಿತ್ತು?" ಎನ್ನುವರು; ಮೇಲೆ ತಿಂದು ಕೆಳಗೆ ಹೋದರೆ ಬಾ, "ಕೇವುಂ ಲಾಗ್ಯುಂ?" ಎನ್ನುವರು. ಮಕ್ಕಳು ಬಲು ಜಾಣರು, ಕೇಳಿದವರದೇ ಹೆಚ್ಚು ರುಚಿ ಎಂದು ಹೇಳಿ ಇಬ್ಬರಿಂದಲೂ ಇನ್ನೊಂದು ಬಿಲ್ಲೆ ಗಿಟ್ಟಿಸುತ್ತಿದ್ದವು.

ಒಂದು ಸಲ ಅತ್ತೆಯವರು ಉಡುಪಿಯ ಕೃಷ್ಣನ ಕಥೆ ಹೇಳಿದರು. ಆ ವಿಗ್ರಹ ದ್ವಾರಕೆಯಿಂದ ಹಡಗಿನಲ್ಲಿ ಗೋಪಿಚಂದನದ ಗಟ್ಟಿಯೊಳಗೆ ಬಂತು, ಮಲ್ಪೆಯ ಕಡಲಿನಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ಕಾಪಾಡಿ ಆ ಗಟ್ಟಿಯನ್ನು ಪಡೆದರು ಎಂಬ ಐತಿಹ್ಯ ನಿಮಗೆಲ್ಲ ಗೊತ್ತಿದ್ದದ್ದೇ. ನಾನು ಗುಜರಾತಿಗೆ ತಿರುಗಿಸಿ ಹೇಳಿದೆ. ಬಾ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಠಾಕೋರಜಿ ಅಲ್ಲಿ ಅಕ್ಕಿಯ ಪಾತ್ರಾ ತಿನ್ನುತ್ತಾನೆಯೇ?" ಎಂದು ಕೇಳಿದರು. ತಿನ್ನುತ್ತಾನೆ ಎಂದರು ಅತ್ತೆಯವರು. ಅಂದಿನಿಂದ ಅಕ್ಕಿಯ ವಿರುದ್ಧ ಬಾ ಮಾತೆತ್ತಲಿಲ್ಲ.

ಬಗೆಹರಿಯದ ಇನ್ನೊಂದು ವಿಷಯವಿತ್ತು. ಶ್ರಾವಣ ಬಹುಳ ಷಷ್ಠಿ ಇಲ್ಲಿ ರಾಂಧಣ ಛಠ್. ಅಂದು ಎಲ್ಲ ಅಡಿಗೆ ಮಾಡಿ, ಒಲೆಯನ್ನು ತೊಳೆದು ಪೂಜಿಸಿ ಆರಿಸಿಬಿಡುತ್ತಾರೆ. ಮರುದಿನ ಶೀತಳಾ ಸಾತಮ್, ಒಲೆ ಹಚ್ಚುವಂತಿಲ್ಲ. ಹಿಂದಿನ ದಿನದ್ದನ್ನೇ ತಣ್ಣಗೆ ತಿನ್ನಬೇಕು. ಅದರ ಮರುದಿನ ಗೋಕುಲಾಷ್ಟಮಿ. ಬಾ ಅವರ ಮನೆಯಲ್ಲಿ ಸಾತಮಿನ ಊಟಕ್ಕೆ ಪಾತ್ರಾ ಇರಲೇಬೇಕು. ಒಲೆಗೂ ಒಂದು ದಿನ ರಜೆ ಎಂಬುದು ಅತ್ತೆಯವರಿಗೆ ಮೆಚ್ಚಿಗೆಯಾಯಿತು. ಆದರೆ ನಿನ್ನೆಯದನ್ನು ತಿನ್ನುವುದೇ? ತಂಗಳನ್ನು ಜೀವಮಾನದಲ್ಲಿ ಮುಟ್ಟಿದವರಲ್ಲ ಅವರು. ಮರುದಿನದ ಒಗ್ಗರಣೆಯ ಪತ್ರೊಡೆಯೂ ಮಕ್ಕಳಿಗಷ್ಟೇ ಎಂದು ಆಗಲೇ ಹೇಳಿದೆನಲ್ಲ. "ಅವರ ದೇವರಿಗೆ ತಂಗಳೇ ಪ್ರೀತಿಯಾದರೆ ನಾವು ಎಂತ ಹೇಳುವುದು" ಎಂದು ಅಲ್ಲಿಗೆ ಬಿಟ್ಟರು.

1993ರಲ್ಲಿ ಸೂರತ್ತಿಗೆ ವರ್ಗವಾಯಿತು. ಅತ್ತೆಯವರ ತೂಕ ಆಗ 47 ಕಿಲೋ. ಹೊರಡುವ ದಿನ ಬಾ ಒಂದು ಕೆಸುವಿನ ಗೆಡ್ಡೆಯನ್ನು ಮಣ್ಣುಸಮೇತ ಮೆಟ್ಟಿಲ ಮೇಲೆ ಇಟ್ಟರು.

ಸೂರತ್ತಿನಲ್ಲಿ ಅದು ಬಾಲ್ದಿಯೊಳಗೆ ಚಿಗುರಿ ಎರಡನೆಯ ಮಳೆಗಾಲ ನೋಡುವ ಹೊತ್ತಿಗೆ ಊರಿಗೆ ಪ್ಲೇಗು ಬಂತು. 1994ರ ಸೆಪ್ಟೆಂಬರಿನ ಆ ವಾರವನ್ನು ಅಲ್ಲಿದ್ದವರು ಮರೆಯಲಾರರು. ತಾಪಿಯ ನೆರೆ ಇಳಿದು ಬೀದಿಯೆಲ್ಲ ಕೆಸರು, ಕಸ. ಒಂದೇ ರಾತ್ರಿಯಲ್ಲಿ ಸುದ್ದಿ ಹಬ್ಬಿ, ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಲಕ್ಷಾಂತರ ಜನ ಊರು ಬಿಟ್ಟರು. ಮೂಗಿಗೆ ಕರವಸ್ತ್ರ, ಔಷಧದಂಗಡಿಯಲ್ಲಿ ಟೆಟ್ರಾಸೈಕ್ಲೀನ್ ಮುಗಿದು ಹೋಗಿದೆ. ಊರು ಬಿಟ್ಟವರನ್ನು ಬೇರೆ ಊರಿನವರು ಹತ್ತಿರ ಸೇರಿಸುತ್ತಿರಲಿಲ್ಲ. ಸೂರತ್ತಿನವರೆಂದರೆ ನೆಂಟರೂ ಬಾಗಿಲು ಹಾಕಿಕೊಂಡ ದಿನಗಳು. ನಮ್ಮ ನೆಂಟರಲ್ಲಿಯೂ ಒಬ್ಬರು, "ಈಗ ಬರಬೇಡಿ, ಆಮೇಲೆ ನೋಡೋಣ" ಎಂದು ತಂತಿ ಕೊಟ್ಟರು. ಅವರನ್ನೂ ದೂರುವುದು ಹೇಗೆ, ಅವರ ಮನೆಯಲ್ಲೂ ಮಕ್ಕಳಿದ್ದರು.

ಬ್ಯಾಂಕು ಬಿಟ್ಟು ನಮ್ಮವರು ಹೊರಡುವಂತಿರಲಿಲ್ಲ. ಆಗ ಬ್ಯಾಂಕಿಗೆ ಒಂದು ಟ್ರಂಕ್ ಕಾಲ್ ಬಂತು. ಬರೋಡೆಯಿಂದ, ಬಾ ಅವರ ಮಗ. "ಮಾಜಿಯನ್ನೂ ಮಕ್ಕಳನ್ನೂ ಇವತ್ತೇ ಕಳಿಸಿ ಎಂದು ಬಾ ಹೇಳುತ್ತಿದ್ದಾರೆ." ನಮ್ಮವರು, ಊರಿನವರು ಏನೆನ್ನುತ್ತಾರೆ, ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿವೆ ಎಂದರಂತೆ. ಆ ಕಡೆಯಿಂದ, "ಬಾ ಹೇಳಿದ ಮೇಲೆ ಮಾತಿಲ್ಲ" ಎಂದು ಉತ್ತರ.

ಡಾಕ್ಟರಿಂದ ಪರೀಕ್ಷೆ ಮಾಡಿಸಿ, ಮಾತ್ರೆ ನುಂಗಿ, ನಾನು ಅತ್ತೆಯವರನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಹೋದೆ. ನಾವು ಬಿಟ್ಟಿದ್ದ ಮಾಳಿಗೆ ಖಾಲಿಯೇ ಇತ್ತು. ಗ್ಯಾಲರಿಯಲ್ಲಿ ಹೊಸ ಸೀಮೆಎಣ್ಣೆ ಸ್ಟೋವು, ಹೊಸ ಪಾತ್ರೆ ಮೂರು, ನೀರಿಗೆ ಹೊಸ ಮಣ್ಣಿನ ಕೊಡ. ಯಾರೂ ಮುಟ್ಟಿಲ್ಲವೆಂದು ತೋರಿಸಲು ಪಾತ್ರೆಗಳ ಮೇಲಿನ ಅಂಗಡಿಯ ಚೀಟಿಯನ್ನು ಬಾ ಹಾಗೇ ಬಿಡಿಸಿದ್ದರು! ಪ್ಲೇಗಿಗೆ ಹೆದರದ ಹೆಂಗಸು ಅತ್ತೆಯವರ ಮಡಿ ಕೆಡುವುದೆಂದು ಹೆದರಿದ್ದರು. ಅಲ್ಲಿ ಹನ್ನೆರಡು ದಿನ ಇದ್ದೆವು. ನೆರೆಮನೆಯವರು ಮೊದಲ ಒಂದು ವಾರ ನಮ್ಮ ಮೆಟ್ಟಿಲ ಹತ್ತಿರ ಸುಳಿಯಲಿಲ್ಲ, ಬಾ ಮಾತ್ರ ದಿನಾ ಬೆಳಿಗ್ಗೆ ತಮ್ಮ ತುದಿಗೆ ಬಂದು ಕೂತು, "ಮಾಜಿ, ಖಾಧುಂ?" ನಮ್ಮವರು ಸೂರತ್ತಿನಲ್ಲಿ ಒಬ್ಬರೇ ಅನ್ನ ಸಾರು ಮಾಡಿಕೊಂಡಿದ್ದರು. ದೇವರ ದಯೆ, ಏನೂ ಆಗಲಿಲ್ಲ. ಮುಂದಿನ ವರ್ಷ ಬಂದ ಮಹಾನಗರಪಾಲಿಕೆಯ ಆಯುಕ್ತ ಎಸ್. ಆರ್. ರಾಯರು ಆ ಊರನ್ನು ಹೇಗೆ ಗುಡಿಸಿ ತೊಳೆದರೆಂಬುದು ದೇಶಕ್ಕೆಲ್ಲ ತಿಳಿದ ಕಥೆ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ, ಇನ್ನು ಊರಿಗೆ ನೆಟ್ಟಗೆ ಹೋಗಬಹುದೆಂದು ನಾವೆಲ್ಲ ಸಂಭ್ರಮಿಸುತ್ತಿದ್ದಾಗಲೇ ಬಾ ಹೋದರೆಂಬ ಸುದ್ದಿ ಬಂತು. ಅತ್ತೆಯವರು ತಲೆಗೆ ಸ್ನಾನ ಮಾಡಿ ಬಂದು ಕೂತರು. ಸಂಬಂಧಿಕರಿಗಲ್ಲದೆ ಹಾಗೆ ಸ್ನಾನ ಮಾಡುವ ಕ್ರಮವಿಲ್ಲ. ನಾವು ಯಾರೂ ಕೇಳಲಿಲ್ಲ.

ಆ ವರ್ಷದ ಶ್ರಾವಣದಲ್ಲಿ, ಷಷ್ಠಿಯ ದಿನ, ಅವರು ಬಾಲ್ದಿಯ ಕೆಸುವಿನಿಂದ ಎಲೆ ಕೊಯ್ದು ತಂದು, "ಕಡ್ಲೆಹಿಟ್ಟ್ ಇತ್ತಾ?" ಎಂದರು. ಓಮ, ಎಳ್ಳು, ಕಾಯಿಸಿದ ಎಣ್ಣೆಯ ಒಂದು ಸೌಟು, ಒಂದೂ ತಪ್ಪಲಿಲ್ಲ. ವರ್ಷಗಟ್ಟಲೆ ಮೆಟ್ಟಿಲ ತುದಿಯಲ್ಲಿ ಕೂತು ಕೇಳಿದ್ದು ಅಕ್ಷರಶಃ ನೆನಪಿತ್ತು. ಬೇಯಿಸಿ, ಒಲೆ ತೊಳೆದು, ಕುಂಕುಮ ಇಟ್ಟು ಆರಿಸಿದರು. ಮರುದಿನ ಮಧ್ಯಾಹ್ನ ತಣ್ಣಗಿನ ಪಾತ್ರಾವನ್ನು, ತಂಗಳನ್ನು, ತಟ್ಟೆಯಲ್ಲಿ ಹಾಕಿಕೊಂಡು ತಿಂದರು. ತಮ್ಮ ಕೈಯದೇ ಆದ್ದರಿಂದ ಮಡಿಗೆ ಭಂಗವಿಲ್ಲ. ಬಾ ಅವರ ಪಾತ್ರಾದ ರುಚಿ ಅವರು ನೋಡಿದ್ದು ಅಂದು ಮೊದಲು. ನಿಧಾನವಾಗಿ ಎರಡು ಬಿಲ್ಲೆ ಮುಗಿಸಿ ಹೇಳಿದರು: "ಅಡ್ಡಿಲ್ಲೆ. ತಿಂಬುಕ್ ಆತ್ತ್."

2004ರಲ್ಲಿ ಅವರು ತೀರಿಕೊಳ್ಳುವವರೆಗೆ ಪ್ರತಿ ವರ್ಷ ಆ ಒಂದು ದಿನ ನಮ್ಮ ಮನೆಯಲ್ಲಿ ಕಡಲೆಹಿಟ್ಟಿನದು, ಉಳಿದ ದಿನ ಅಕ್ಕಿಯದು.

ಈಗ ನಾವು ಮತ್ತೆ ಮಣಿನಗರದವರು. 2009ರಲ್ಲಿ ಮಗಳ ಮದುವೆ ಸೂರತ್ತಿನ ಗುಜರಾತಿ ಮನೆಗೆ ಆಯಿತು. ಬೀಗಿತ್ತಿ ಪತರವೇಲಿಯಾದ ಬಿಲ್ಲೆಗಳನ್ನು ಎಣ್ಣೆಯಲ್ಲಿ ಗರಿಗರಿ ಕರಿಯುತ್ತಾರೆ, ನಾನು ಹೋದಾಗ ಅರ್ಧ ನನಗಾಗಿ ಕರಿಯದೆ ಇಡುತ್ತಾರೆ. ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಭಾನುವಾರದ ಊಟಕ್ಕೆ ದನದ ಮಾಂಸದ ತೆಳು ಹಾಳೆಗೆ ಸಾಸಿವೆ ಹಚ್ಚಿ, ಈರುಳ್ಳಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇಟ್ಟು, ಸುರುಳಿ ಸುತ್ತಿ, ದಾರ ಕಟ್ಟಿ ಗಂಟೆಗಟ್ಟಲೆ ಬೇಯಿಸುತ್ತಾರಂತೆ. ರೂಲಾಡೆನ್ ಎಂದು ಹೆಸರು. "ದಾರ ಕಟ್ಟುವುದು ಥೇಟ್ ಅಜ್ಜಿಯದೇ, ಅಮ್ಮಾ" ಎಂದು ಫೋನಿನಲ್ಲಿ ನಕ್ಕ. ಇವನಿಗಾಗಿ ಆ ಮನೆಯವರು ಕೋಸಿನ ಎಲೆಯಲ್ಲಿ ಅನ್ನ ತರಕಾರಿ ತುಂಬಿ ಬೇರೆಯೇ ಮಾಡಿದರಂತೆ, ಬೇರೆ ಪಾತ್ರೆಯಲ್ಲಿ. ತುರ್ಕಿಯವರು ದ್ರಾಕ್ಷಿ ಎಲೆಯಲ್ಲಿ ಸುತ್ತುತ್ತಾರೆ. ಲೋಕವೆಲ್ಲ ಏನನ್ನೋ ಒಂದನ್ನು ಸುತ್ತುತ್ತಲೇ ಇದೆಯಪ್ಪ. ಬ್ಯಾಂಕುಗಳನ್ನೂ ಬಿಟ್ಟಿಲ್ಲ: 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕನ್ನು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸುತ್ತಿಬಿಟ್ಟರು. ಅಕ್ಕಿಯೋ ಕಡಲೆಹಿಟ್ಟೋ ಎಂದು ನಮ್ಮವರು ಅಂದು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

2021ರಲ್ಲಿ ಕೇಂದ್ರ ಸರಕಾರದ ಆಯುಷ್ ಮಂತ್ರಾಲಯ ಹೊರತಂದ ಸಾಂಪ್ರದಾಯಿಕ ಅಡಿಗೆಗಳ ಪುಸ್ತಿಕೆಯಲ್ಲಿ ಪತ್ರೊಡೆಗೂ ಜಾಗ ಸಿಕ್ಕಿದೆ. ಅತ್ತೆಯವರಿದ್ದರೆ, ಸರಕಾರಕ್ಕೆ ಈಗ ಗೊತ್ತಾಯಿತೇ ಎಂದು ಕೇಳುತ್ತಿದ್ದರು.

ನಾನು ಈಗ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಸಂಪಾದಕರ ಋಣ ತೀರಲಿ. ಇಬ್ಬರಿಗೆ ರಾತ್ರಿಯ ಊಟಕ್ಕೆ ಎಂಟು ಎಲೆ ಸಾಕು. ನಾಲ್ಕು ಎಲೆಗೆ ಅಕ್ಕಿಯ ಹಿಟ್ಟು, ನಾಲ್ಕಕ್ಕೆ ಕಡಲೆಹಿಟ್ಟು. ಒಂದೇ ಪಾತ್ರೆಯಲ್ಲಿ ಎರಡು ಸುರುಳಿ. ಕಡಲೆಹಿಟ್ಟಿನದು ಬೇಗ ಬೇಯುವುದರಿಂದ ಅದನ್ನು ಇಪ್ಪತ್ತು ನಿಮಿಷ ತಡೆದು ಇಡಬೇಕು. ಎರಡನ್ನೂ ಒಂದೇ ಸುರುಳಿಯಲ್ಲಿ ಬೆರೆಸಲು ಹೋಗಬೇಡಿ, ಒಂದು ಬೆಂದಾಗ ಇನ್ನೊಂದು ಬೆಂದಿರುವುದಿಲ್ಲ. ಮಾರುಕಟ್ಟೆಯಲ್ಲಿ ಕಪ್ಪು ದಂಟಿನ ಎಲೆಯನ್ನೇ ಕೇಳಿ ತೆಗೆದುಕೊಳ್ಳಿ. ಹೊಸ ಹುಣಿಸೆ ಬೇಡ, ಕಪ್ಪಾದ ಹಳೆಯದೇ ಆಗಬೇಕು. ಅಂಗಡಿಯಲ್ಲಿ "ಜೂನೀ ಆಂಬಲಿ" ಎಂದು ಕೇಳಿದರೆ ಕೊಡುತ್ತಾರೆ.